ಬಾಯಿ ಮುಕ್ಕಳಿಸಿದರೆ ಫ್ರೆಂಚ್ ‘ರ’ ಬರುತ್ತದೆಯೇ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು, ವಯಸ್ಸು 25. ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿ, ಈಗ ಉತ್ತರ ಫ್ರಾನ್ಸಿನ ರೂಬೇ ಎಂಬ ಊರಿಗೆ ಓದಲು ಹೊರಟಿದ್ದೇನೆ. ಏಳು ತಿಂಗಳಿಂದ ಆನ್‌ಲೈನ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದೇನೆ. ಓದಲು ಬರುತ್ತದೆ, ಬರೆಯಲು ಬರುತ್ತದೆ, ‘ರ’ ಮಾತ್ರ ಬರುತ್ತಿಲ್ಲ. ನಾನು ‘ಮೆರ್ಸಿ’ ಅಂದರೆ ಸಾಕು, ಟೀಚರ್ ಮುಖ ಸಿಂಡರಿಸುತ್ತಾರೆ. ಅವರು ಹೇಳಿದ ಹಾಗೆ ದಿನಾ ಅರ್ಧ ಗಂಟೆ ಬಾಯಿಗೆ ನೀರು ಹಾಕಿಕೊಂಡು ಗಳಗಳ ಅನ್ನಿಸುತ್ತೇನೆ. ಮೂರು ವಾರದಿಂದ ಗಂಟಲು ಉರಿ, ಸಂಜೆ ಹೊತ್ತಿಗೆ ದನಿ ಒಡೆಯುತ್ತದೆ. ನಾಲಿಗೆ ಕೆಳಗಿನ ದಾರ ಕತ್ತರಿಸಿದರೆ ಎಲ್ಲಾ ಸರಿಹೋಗುತ್ತದೆ ಎಂದು ಚಿಕ್ಕಪ್ಪ ಹೇಳುತ್ತಾರೆ. ಅಜ್ಜಿ ಬಜೆ ತೇಯ್ದು ಹಚ್ಚಲೇ ಎಂದು ಕೇಳುತ್ತಾರೆ. ಇಷ್ಟು ವಯಸ್ಸಾದ ಮೇಲೆ ಹೊಸ ಶಬ್ದ ಬಾಯಿಗೆ ಬರುವುದೇ ಇಲ್ಲವಾ? ಮುಂದಿನ ತಿಂಗಳು ಡೆಲ್ಫ್ ಎ2 ಎಂಬ ಫ್ರೆಂಚ್ ಭಾಷಾ ಪರೀಕ್ಷೆ ಇದೆ. ಫೇಲಾಗುತ್ತೇನಾ? (ಹೆಸರು ಬೇಡ.)

ಉತ್ತರ: ಮೊದಲು ಆ ನೀರಿನ ಲೋಟ ಕೆಳಗಿಡಿ. ಇವತ್ತಿಂದಲೇ. ಫ್ರೆಂಚ್ ಎಲ್ಲಿಗೂ ಓಡಿಹೋಗುವುದಿಲ್ಲ.

ನೀವು ಕೇಳಿರುವುದು ಒಂದು ಅಕ್ಷರದ ಬಗ್ಗೆ. ಪತ್ರದ ಒಳಗಿರುವ ಹೆದರಿಕೆ ಮಾತ್ರ ಮೂರು: ನಾಲಿಗೆಯಲ್ಲೇ ಐಬಿದೆಯೇ, ವಯಸ್ಸು ಮೀರಿತೇ, ಪರೀಕ್ಷೆ ಕೈಬಿಡುತ್ತದೆಯೇ. ಪರೀಕ್ಷೆಯ ಮಾತು ಸುಲಭ, ಮೊದಲು ಅದನ್ನು ಮುಗಿಸಿಬಿಡೋಣ. ಡೆಲ್ಫ್ ಎ2 ಒಟ್ಟು 100 ಅಂಕಕ್ಕೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25. ಪಾಸಾಗಲು 50 ಬೇಕು, ಯಾವ ಭಾಗದಲ್ಲೂ 5ಕ್ಕಿಂತ ಕೆಳಗೆ ಇಳಿಯಬಾರದು. ಮಾತಿನ 25ರಲ್ಲಿ ಉಚ್ಚಾರಣೆಗೆ ಸಿಗುವುದು ಸಣ್ಣ ಪಾಲು. ಆ ಪಾಲಿನಲ್ಲೂ ಎ2 ಮಟ್ಟದಲ್ಲಿ ಅವರು ನೋಡುವುದು ನೀವು ಹೇಳಿದ್ದು ತಿಳಿಯುತ್ತದೆಯೋ ಇಲ್ಲವೋ ಎಂದು. ‘ರ’ ಒಂದರಿಂದ ಯಾರೂ ಫೇಲಾಗುವುದಿಲ್ಲ. ದನಿ ಹೋಗಿ ಪರೀಕ್ಷೆ ದಿನ ಮಾತೇ ಹೊರಡದಿದ್ದರೆ ಆಗ ಕಷ್ಟ.

ಈಗ ನಾಲಿಗೆಯ ವಿಷಯ. ಕನ್ನಡದ ‘ರ’ ಹುಟ್ಟುವುದು ನಾಲಿಗೆಯ ತುದಿಯಲ್ಲಿ. ಮೇಲಿನ ಹಲ್ಲಿನ ಹಿಂದಿನ ಉಬ್ಬಿಗೆ ತುದಿ ಒಂದು ಏಟು ತಾಕಿ ವಾಪಸಾಗುತ್ತದೆ. ‘ಮರ’ ಎಂದು ನಿಧಾನಕ್ಕೆ ಹೇಳಿಕೊಂಡರೆ ಆ ಏಟು ಗೊತ್ತಾಗುತ್ತದೆ. ಫ್ರೆಂಚ್ ‘ರ’ಗೆ ತುದಿಯ ಅಗತ್ಯವೇ ಇಲ್ಲ. ಅದು ಹುಟ್ಟುವುದು ಕಿರುನಾಲಿಗೆಯ ಹತ್ತಿರ. ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ ‘ಆ’ ಎಂದರೆ ಹಿಂದೆ ದ್ರಾಕ್ಷಿಯಂತೆ ಜೋತಾಡುತ್ತದಲ್ಲ, ಅದೇ. ನಾಲಿಗೆಯ ಬುಡ ಅದರತ್ತ ಏರಿ ಸಣ್ಣ ಸಂದು ಬಿಡುತ್ತದೆ, ಆ ಸಂದಿನಲ್ಲಿ ಉಸಿರು ಉಜ್ಜಿಕೊಂಡು ಹೊರಬರುತ್ತದೆ. ದೊಡ್ಡ ನಾಲಿಗೆಯ ಕೆಲಸವನ್ನು ಕಿರುನಾಲಿಗೆಗೆ ಒಪ್ಪಿಸುವುದು, ಇಷ್ಟೇ ವ್ಯವಹಾರ. ಆದರೆ ಹುಟ್ಟಿದಾಗಿನಿಂದ ‘ರ’ ಅಂದರೆ ತುದಿ ಏಳಬೇಕು ಎಂದು ಕಲಿತ ನಾಲಿಗೆ ಅಷ್ಟು ಸುಲಭಕ್ಕೆ ಚಾರ್ಜ್ ಬಿಟ್ಟುಕೊಡುವುದಿಲ್ಲ.

ನನಗೂ ಬಿಟ್ಟುಕೊಡಲಿಲ್ಲ. ಮಾತು ಸರಿಯಿಲ್ಲದ ಮಕ್ಕಳಿಗೆ ಸ್ಪೀಚ್ ಥೆರಪಿ ಕೊಡುವುದೇ ನನ್ನ ಕಸುಬು. ಸುಮಾರು ಹನ್ನೆರಡು ವರ್ಷದ ಹಿಂದೆ, ಭಾನುವಾರದ ಫ್ರೆಂಚ್ ಕ್ಲಾಸಿಗೆಂದು ಬೆಂಗಳೂರಿಗೆ ರೈಲು ಹತ್ತುತ್ತಿದ್ದ ಕಾಲದಲ್ಲಿ, ನಾನೂ ನಿಮ್ಮ ಹಾಗೇ ಮೂರು ತಿಂಗಳು ಬಚ್ಚಲಮನೆಯಲ್ಲಿ ಗಳಗಳ ಮಾಡಿದವಳು. ಆಗ ಹರಿಹರದ ಕಡೆಯಿಂದ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದರು. ‘ರಾಗಿ ರೊಟ್ಟಿ’ ಅನ್ನು ಎಂದರೆ ಎರಡು ಸಲ ಗಂಟಲೊಳಗೆ ಏನೋ ಉಜ್ಜಿದ ಸದ್ದು. ಶಾಲೆಯಲ್ಲಿ ಗೇಲಿ ಮಾಡುತ್ತಿದ್ದರಂತೆ. ನಮ್ಮ ‘ರ’ ಮಕ್ಕಳ ಬಾಯಿಗೆ ಕೊನೆಕೊನೆಗೆ ದಕ್ಕುವ ಶಬ್ದಗಳಲ್ಲೊಂದು. ದಕ್ಕುವವರೆಗೆ ಕೆಲವರು ‘ಲ’ ಹಾಕಿ ತೂಗಿಸುತ್ತಾರೆ, ಕೆಲವರು ‘ಯ’. ಇವನು ಗಂಟಲಲ್ಲೇ ಒಂದು ದಾರಿ ಕಂಡುಕೊಂಡಿದ್ದ. “ಇನ್ನೊಂದ್ ಸಲ ಹೇಳಪ್ಪಾ” ಎಂದು ಟಾರ್ಚ್ ಹಿಡಿದು ಇಣುಕಿ ನೋಡಿದೆ. ನಾಲಿಗೆಯ ತುದಿ ಕೆಳಗಿನ ಹಲ್ಲಿನ ಹಿಂದೆ ಹಾಯಾಗಿ ಮಲಗಿತ್ತು, ಒಂದಿಷ್ಟೂ ಮಿಸುಕಲಿಲ್ಲ. ಹಿಂಭಾಗ ಮಾತ್ರ ಬೆಕ್ಕು ಬೆನ್ನು ಎತ್ತಿದ ಹಾಗೆ ಎದ್ದಿತು. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೂ ಸಿಗದಿದ್ದ ಪಾಠ ನನ್ನ ಕುರ್ಚಿಯ ಎದುರಿಗೇ ಕೂತಿತ್ತು! ಐದು ತಿಂಗಳು ಹಿಡಿದು ಅವನ ಗಂಟಲಿನ ‘ರ’ ಬಿಡಿಸಿ ತುದಿಗೆ ತಂದೆ. ಅವನಿಂದ ಬಿಡಿಸಿದ್ದನ್ನು ನಾನು ಇಟ್ಟುಕೊಂಡೆ.

ನಾಲಿಗೆಯ ದಾರದ ಪ್ರಶ್ನೆಗೂ ಇದರಲ್ಲೇ ಉತ್ತರವಿದೆ. ದಾರ ಗಿಡ್ಡವಾಗಿದ್ದರೆ ತುದಿ ಮೇಲೇಳಲು ಕಷ್ಟ, ಆಗ ‘ಲ’, ‘ಳ’, ನಮ್ಮ ‘ರ’ ಎಡವುವ ಸಾಧ್ಯತೆ ಇರುತ್ತದೆ. ನೀವು ‘ದಾವಣಗೆರೆ’ಯನ್ನೂ ‘ರಾಗಿ ರೊಟ್ಟಿ’ಯನ್ನೂ ತಡವರಿಸದೆ ಹೇಳುತ್ತೀರಿ ಎಂದಾದರೆ ದಾರ ಚೆನ್ನಾಗಿಯೇ ಇದೆ. ಫ್ರೆಂಚ್ ‘ರ’ಗೆ ತುದಿ ಕೆಳಗೆ ಇರಬೇಕು, ಮೇಲೇಳಲು ಅನುಕೂಲ ಮಾಡಿಕೊಡುವ ಆಪರೇಷನ್ ಅದಕ್ಕೆ ಏನು ಮಾಡೀತು? ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸಿ, ಕತ್ತರಿ ಮಾತ್ರ ದೂರ ಇಡಿಸಿ.

ವಯಸ್ಸಿನ ಮಾತಿನಲ್ಲಿ ಅರ್ಧ ನಿಜವಿದೆ. 1984ರಲ್ಲಿ ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ಸಂಶೋಧಕರು ಇಂಗ್ಲಿಷ್ ಮನೆಯ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿ ನೋಡಿದರು. ಆರೆಂಟು ತಿಂಗಳ ಕೂಸುಗಳು ವ್ಯತ್ಯಾಸ ಹಿಡಿದವು. ವರ್ಷ ತುಂಬುವ ಹೊತ್ತಿಗೆ ಹೆಚ್ಚಿನವುಗಳಿಗೆ ಅದು ಕೇಳಿಸದಾಯಿತು, ಏಕೆಂದರೆ ಮನೆಮಾತಿಗೆ ಬೇಡದ್ದನ್ನು ಕಿವಿ ಸೋಸಿಬಿಡುತ್ತದೆ. ಒಬ್ಬ ಫ್ರೆಂಚ್ ಹುಡುಗಿಗೆ ‘ದಾವಣಗೆರೆ’ ಹೇಳಿಸಿ ನೋಡಿ, ‘ಣ’ ಜಾಗದಲ್ಲಿ ‘ನ’ ಕೂತು, ಕೊನೆಯ ‘ರೆ’ ಗಂಟಲಿಗೆ ಹೋಗಿರುತ್ತದೆ. ಅವಳಿಗೆ ಯಾರೂ ನಾಲಿಗೆ ಕೊಯ್ಯಿಸಿಕೋ ಎನ್ನುವುದಿಲ್ಲ. ದೊಡ್ಡವರಾದ ಮೇಲೂ ಕಿವಿ, ಬಾಯಿ ಎರಡನ್ನೂ ಪಳಗಿಸಬಹುದು. ಮಗುವಿಗೆ ತಾನಾಗಿ ಬರುವುದನ್ನು ನಾವು ಗೊತ್ತಿದ್ದು ಮಾಡಬೇಕು, ಅಷ್ಟೇ. ನನ್ನ ಅನುಭವದಲ್ಲಿ ಶಬ್ದ ಒಂಟಿಯಾಗಿ ಬರಲು ಒಂದೆರಡು ವಾರ ಸಾಕು. ಅದು ಮಾತಿನ ಓಘದಲ್ಲಿ ಕೂರಲು ತಿಂಗಳುಗಳು ಬೇಕು. ಇವೆರಡನ್ನೂ ಒಂದೇ ಎಂದುಕೊಂಡವರು ಬೇಗ ಕೈಚೆಲ್ಲುತ್ತಾರೆ.

ಇನ್ನೊಂದು ಮಾತು, ಮುಖ ಸಿಂಡರಿಸುವ ನಿಮ್ಮ ಟೀಚರ್‌ಗೂ ತಲುಪಲಿ. ಗಂಟಲಿನ ‘ರ’ವೇ ಅಸಲಿ ಫ್ರೆಂಚ್ ಎನ್ನುವುದು ಚರಿತ್ರೆಗೆ ಒಪ್ಪುವುದಿಲ್ಲ. 1670ರಲ್ಲಿ ಫ್ರೆಂಚ್ ನಾಟಕಕಾರ ಮೊಲಿಯೇರ್ ಬರೆದ ಪ್ರಹಸನವೊಂದರಲ್ಲಿ ದಿಢೀರ್ ಶ್ರೀಮಂತನೊಬ್ಬನಿಗೆ ಮೇಷ್ಟ್ರು ಅಕ್ಷರಗಳ ಉಚ್ಚಾರಣೆ ಹೇಳಿಕೊಡುತ್ತಾನೆ. ‘ರ’ ಹೇಗೆಂದರೆ, ನಾಲಿಗೆಯ ತುದಿಯನ್ನು ಬಾಯಿಯ ಅಂಗುಳಕ್ಕೆ ಒಯ್ಯಬೇಕು, ರಭಸದ ಗಾಳಿಗೆ ಅದು ನಡುಗಬೇಕು ಎನ್ನುತ್ತಾನೆ. ಥೇಟ್ ನಮ್ಮ ‘ರ್ರ’! ಗಂಟಲಿನ ‘ರ’ ಪ್ಯಾರಿಸ್ಸಿನಲ್ಲಿ ನಿಧಾನವಾಗಿ ಹಬ್ಬಿದ್ದು ಆ ಕಾಲದಿಂದ ಈಚೆಗೆ. ಹಳ್ಳಿಗಾಡಿನಲ್ಲಿ ತುದಿನಾಲಿಗೆಯ ‘ರ’ ಇನ್ನೂ ಬಹುಕಾಲ ಉಳಿಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ 20ನೇ ಶತಮಾನದ ಮಧ್ಯದವರೆಗೂ ಅದೇ ಸಾಮಾನ್ಯವಾಗಿತ್ತು. ಸೆನೆಗಲ್, ಮಾಲಿ ದೇಶಗಳಲ್ಲಿ ಇವತ್ತಿಗೂ ಎಷ್ಟೋ ಜನ ಫ್ರೆಂಚ್ ಆಡುವುದು ತುದಿಯ ‘ರ’ದಲ್ಲೇ. ನಮ್ಮಲ್ಲೂ ಹೀಗೆ ಆಗಿದೆ. ಹಳಗನ್ನಡದಲ್ಲಿ ಎರಡು ‘ರ’ ಇದ್ದವು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು. ಆ ‘ಱ’ ಬಾಯಿಂದ ಹೋಯಿತು, ಆಮೇಲೆ ಬರಹದಿಂದಲೂ ಹೋಯಿತು, ಯಾರೂ ಅಳಲಿಲ್ಲ.

ಹಾಗಾಗಿ ನಿಮಗಿರುವ ಮೊದಲ ಆಯ್ಕೆ, ಕನ್ನಡದ ‘ರ’ವನ್ನೇ ಇಟ್ಟುಕೊಳ್ಳುವುದು. ಇದು ಅವಮಾನದ ಆಯ್ಕೆಯಲ್ಲ, ರೂಬೇಯ ಅಂಗಡಿಯವನಿಗೆ ನೀವು ಹೇಳಿದ್ದು ಅರ್ಥವಾಗುತ್ತದೆ. ನಷ್ಟ ಇರುವುದು ಕೇಳುವ ಕಡೆ. ಬಾಯಲ್ಲಿ ಆಡಿ ನೋಡದ ಶಬ್ದವನ್ನು ಕಿವಿಯೂ ನಿಧಾನಕ್ಕೆ ಹಿಡಿಯುತ್ತದೆ. ಅವರು ಬಡಬಡನೆ ಮಾತಾಡುವಾಗ ಪದದ ಕೊನೆಯ ‘ರ’ ಬರಿಯ ಉಸಿರಿನ ಎಳೆಯಾಗಿ ಸೋರಿಹೋಗುತ್ತದೆ. ಹುಚ್ಚ ಎನ್ನುವ ‘ಫೂ’ ಯಾವುದು, ಒಲೆ ಎನ್ನುವ ‘ಫೂರ್’ ಯಾವುದು ಎಂದು ನೀವು ತಡಕಾಡುತ್ತೀರಿ. ಓದಲು ಹೋಗುವವರಿಗೆ ಇದು ಸಣ್ಣ ತೊಂದರೆಯಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಪರೀಕ್ಷೆಯವರೆಗೆ ನಮ್ಮ ‘ರ’ದಲ್ಲೇ ಧೈರ್ಯವಾಗಿ ಮಾತಾಡಿ, ಮನೆಯಲ್ಲಿ ದಿನಕ್ಕಿಷ್ಟು ಎಂದು ಹೊಸದನ್ನು ಪಳಗಿಸುತ್ತಿದ್ದೆ.

ನೀರಿನ ವಿದ್ಯೆಯ ಬಗ್ಗೆ. ಅದರಲ್ಲಿ ಸತ್ಯವಿಲ್ಲ ಎನ್ನಲಾರೆ. ಮುಕ್ಕಳಿಸುವಾಗ ಅದುರುವ ಜಾಗ ಹೆಚ್ಚುಕಡಿಮೆ ಅದೇ. ಜಾಗ ತೋರಿಸಲು ಒಂದೆರಡು ಸಲ ಮಾಡಿದರೆ ಸಾಕು. ಅರ್ಧ ಗಂಟೆ ಮಾಡಿದರೆ ಕಿರುನಾಲಿಗೆ ಉಜ್ಜಿ ಕೆಂಪಾಗುತ್ತದೆ, ದನಿಪೆಟ್ಟಿಗೆ ಬಿಗಿಯಾಗುತ್ತದೆ. ಅದಕ್ಕಿಂತ ಕೆಟ್ಟ ಅಭ್ಯಾಸವೊಂದು ಕೂರುತ್ತದೆ: ಜೋರು. ಮುಕ್ಕಳಿಸಿ ಕಲಿತವರ ಫ್ರೆಂಚ್ ಕ್ಯಾಕರಿಸಿ ಉಗಿಯುವವರ ಹಾಗೆ ಕೇಳುತ್ತದೆ. ನಿಜವಾದ ಫ್ರೆಂಚ್ ‘ರ’ ಬಹಳ ಮೆತ್ತಗೆ. ‘ಬೊಂಝೂರ್’ನ ಕೊನೆಯದು ಇದೆಯೋ ಇಲ್ಲವೋ ಎನ್ನುವಷ್ಟು. ಬಲ ಹಾಕಿದಷ್ಟೂ ಅದು ನಿಮ್ಮಿಂದ ದೂರ ಹೋಗುತ್ತದೆ.

ನಾನು ಒಪ್ಪುವ ದಾರಿ ‘ಗ’ದಿಂದ ಹೊರಡುತ್ತದೆ. ಭದ್ರಾ ನಾಲೆಯ ತೂಬು ನೋಡಿದ್ದೀರಲ್ಲ? ಬಾಗಿಲು ಪೂರ್ತಿ ಇಳಿದಿದ್ದರೆ ನೀರು ನಿಲ್ಲುತ್ತದೆ, ಒಂದು ಬೆರಳು ಎತ್ತಿದರೆ ಸಂದಿನಿಂದ ಸರ್ರನೆ ನುಗ್ಗುತ್ತದೆ. ‘ಗ’ ಎನ್ನುವಾಗ ನಾಲಿಗೆಯ ಹಿಂಭಾಗ ಬಾಗಿಲನ್ನು ಪೂರ್ತಿ ಮುಚ್ಚುತ್ತದೆ. ತುದಿಯನ್ನು ಕೆಳಗಿನ ಹಲ್ಲಿನ ಹಿಂದೆ ಒರಗಿಸಿ, ಬೇಕಿದ್ದರೆ ತೊಳೆದ ಕಿರುಬೆರಳಿನಿಂದ ಅಲ್ಲೇ ಹಿಡಿದಿಟ್ಟು, ‘ಆಗಾ’ ಎನ್ನಿ. ಮತ್ತೆ ಹೇಳಿ, ಈ ಸಲ ‘ಗ’ ಪೂರ್ತಿ ಮುಚ್ಚದಂತೆ, ಸೋಮಾರಿಯಂತೆ. ಬಾಗಿಲು ಬೆರಳಷ್ಟು ತೆರೆದಿರಲಿ. ಗಾಳಿ ಉಜ್ಜುವ ಸದ್ದು ಬಂತೇ? ಈಗ ಅದನ್ನು ಇನ್ನೊಂದು ಚೂರು ಹಿಂದಕ್ಕೆ ತಳ್ಳಬೇಕು. ‘ಕೀ’, ‘ಕಾ’ ಎಂದು ಒಂದಾದ ಮೇಲೆ ಒಂದು ಹೇಳಿ ನೋಡಿ. ನಾಲಿಗೆ ತಾಕುವ ಜಾಗ ‘ಕಾ’ಗೆ ಬಂದಾಗ ಹಿಂದೆ ಸರಿಯುತ್ತದೆ. ಅಲ್ಲಿಂದಲೂ ಒಂದು ಹೆಜ್ಜೆ ಹಿಂದೆ ನಮ್ಮ ಗುರಿ. ಕೂತು ಬರದಿದ್ದರೆ ಅಂಗಾತ ಮಲಗಿ ಮಾಡಿ, ನಾಲಿಗೆ ತನ್ನ ಭಾರಕ್ಕೆ ತಾನೇ ಹಿಂದೆ ಜಾರುತ್ತದೆ. ಗೊರಕೆ ಹೊಡೆಯುವವರಿಗೆ ಅದೇ ಕಾಟ, ನಿಮಗೆ ಅದೇ ಉಪಕಾರ.

ಇದಕ್ಕೆ ಒಂದು ಪದ ಇಟ್ಟುಕೊಳ್ಳಿ: ಗ್ಯಾರೇಜ್. ಫ್ರೆಂಚಿನಲ್ಲಿ ಅದು ‘ಗಾರಾಝ್’. ಮೊದಲು ‘ಗಾ’, ಬಾಗಿಲು ಬಂದ್. ಆಮೇಲೆ ‘ರಾ’, ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಾಗಿಲು ಬೆರಳಷ್ಟು ತೆರೆದಿದೆ. ತುದಿ ಎರಡು ಸಲವೂ ಮಲಗಿರಬೇಕು. ಈ ಒಂದು ಪದ ಸಲೀಸಾಗಿ ಬಂತೆಂದರೆ ಮುಕ್ಕಾಲು ಕೆಲಸ ಮುಗಿಯಿತು.

ಅಪಾಯ ಇಲ್ಲದಿಲ್ಲ. ‘ಗ’ದಿಂದ ಹೊರಟವರು ‘ಗ’ದಲ್ಲೇ ಸಿಕ್ಕಿಹಾಕಿಕೊಳ್ಳುವುದುಂಟು. ಚಕ್ರ ಎಂಬ ‘ರೂ’ ಅವರ ಬಾಯಲ್ಲಿ ‘ಗೂ’ ಆಗುತ್ತದೆ, ಅಂದರೆ ರುಚಿ. ಬಾಗಿಲನ್ನು ಇನ್ನೂ ಗಟ್ಟಿ ಮುಚ್ಚಿದರೆ ‘ಕೂ’ ಆಗುತ್ತದೆ, ಅಂದರೆ ಕುತ್ತಿಗೆ. ಇದಕ್ಕೆ ಹೆದರಿ ಕೆಲವರು ‘ಹ’ಕ್ಕೆ ಜಾರುತ್ತಾರೆ. ಅದು ಎಲ್ಲಕ್ಕಿಂತ ತಪ್ಪು, ಏಕೆಂದರೆ ಫ್ರೆಂಚರ ಮಾತಿನಲ್ಲಿ ‘ಹ’ ಎಂಬ ಶಬ್ದವೇ ಇಲ್ಲ, ಅವರಿಗೆ ಅಲ್ಲಿ ಏನೂ ಕೇಳಿಸುವುದಿಲ್ಲ. (‘ಹಾಲು’ ಅನ್ನಲು ಹೋಗಿ ‘ಆಲು’ ಅನ್ನುವ ನಮ್ಮ ಜನ ಅಲ್ಲಿ ಆರಾಮಾಗಿ ಇರಬಹುದು.) ನೋಡಿ ತಂಗಿ, ತುದಿಯ ‘ರ’ ಹೇಳಿದರೆ ನಿಮ್ಮನ್ನು ಹೊರಗಿನವರು ಎಂದುಕೊಳ್ಳುತ್ತಾರೆ, ‘ಗ’ ಹೇಳಿದರೆ ಮಾತೇ ಬೇರೆಯಾಗುತ್ತದೆ. ಅನುಮಾನ ಬಂದಾಗ ತುದಿಗೇ ವಾಪಸ್ ಬನ್ನಿ.

ದಾವಣಗೆರೆಯಲ್ಲಿ ನಿಮಗೊಂದು ಅನುಕೂಲವಿದೆ, ಬಳಸಿಕೊಳ್ಳಿ. ಆಜಾದ್ ನಗರದಲ್ಲೋ ಭಾಷಾ ನಗರದಲ್ಲೋ ಉರ್ದು ಚೆನ್ನಾಗಿ ಓದಿಕೊಂಡ ಗೆಳತಿ ಇದ್ದರೆ ‘ಗರೀಬ್’ ಎಂದು ಹೇಳಲು ಕೇಳಿ. ನಾವು ಕನ್ನಡದವರು ಮಾಮೂಲಿ ‘ಗ’ ಹಾಕಿ ಮುಗಿಸುತ್ತೇವೆ. ಅವರ ಬಾಯಲ್ಲಿ ಆ ಮೊದಲ ಅಕ್ಷರ ಉಜ್ಜಿಕೊಂಡು ಬರುತ್ತದೆ. ಅದು ಉರ್ದುವಿನ ‘ಗೈನ್’, ಫ್ರೆಂಚ್ ‘ರ’ಗೆ ಪಕ್ಕದ ಮನೆ. ಅದೇ ಪದದ ಎರಡನೆಯ ಅಕ್ಷರ ನಮ್ಮ ‘ರ’. ಒಂದೇ ಪದದಲ್ಲಿ ಎರಡೂ ಸಿಕ್ಕವು. ‘ಖಬರ್’ನ ‘ಖ’ವನ್ನೂ ಕಿವಿಗೊಟ್ಟು ಕೇಳಿ. ಪ, ತ, ಕ, ಫ ಇವುಗಳ ಬೆನ್ನಿಗೆ ಬಂದಾಗ ಫ್ರೆಂಚ್ ‘ರ’ ದನಿ ಕಳೆದುಕೊಂಡು ಹೆಚ್ಚುಕಡಿಮೆ ಆ ‘ಖ’ ಆಗುತ್ತದೆ. ಗಂಟಲ ಮೇಲೆ ಬೆರಳಿಟ್ಟರೆ ‘ಗರೀಬ್’ನ ಮೊದಲಿಗೆ ಅದುರುತ್ತದೆ, ‘ಖಬರ್’ನ ಮೊದಲಿಗೆ ಅದುರುವುದಿಲ್ಲ. ಆನ್‌ಲೈನ್ ಕ್ಲಾಸಿನ ಮೈಕಿನಲ್ಲಿ ಈ ನಾಜೂಕು ಅರ್ಧಕ್ಕರ್ಧ ಕಳೆದುಹೋಗಿರುತ್ತದೆ, ಎದುರಿಗೆ ಕೂತು ಕೇಳುವುದೇ ವಾಸಿ.

ಪದಗಳನ್ನು ಯಾವ ಸಾಲಿನಲ್ಲಿ ಹಿಡಿಯಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. ‘ಮೆರ್ಸಿ’ಯಿಂದ ಶುರು ಮಾಡುತ್ತಾರೆ, ಏಕೆಂದರೆ ಪುಸ್ತಕದ ಮೊದಲ ಪುಟದಲ್ಲಿ ಅದೇ ಇರುತ್ತದೆ. ‘ಆ’ಗಳ ನಡುವಿನ ‘ರ’ ಎಲ್ಲಕ್ಕಿಂತ ಸುಲಭ, ಅದಕ್ಕೇ ಗಾರಾಝ್. ಆಮೇಲೆ ‘ಗ್ರೋ’, ‘ಕ್ರುವಾ’ ಥರದವು, ಗ ಮತ್ತು ಕ ಮೊದಲೇ ನಾಲಿಗೆಯನ್ನು ಹಿಂದೆ ಎಳೆದಿರುತ್ತವೆ. ‘ತ್ರೆ’, ‘ತ್ರುವಾ’ ಕಷ್ಟ. ಫ್ರೆಂಚ್ ‘ತ’ ನಮ್ಮ ‘ತ’ದ ಹಾಗೇ ಹಲ್ಲಿಗೆ ತಾಕುವಂಥದು, ನಾಲಿಗೆ ‘ಓ, ಇದು ನಮ್ಮ ತ್ರ’ ಎಂದುಕೊಂಡು ತುದಿ ಎತ್ತಿಬಿಡುತ್ತದೆ. ಆದ್ದರಿಂದ ಸ್ವಲ್ಪ ದಿನ ‘ತ’ ಅಂದು, ನಿಂತು, ಆಮೇಲೆ ‘ರೆ’ ಅನ್ನಿ. ಎಲ್ಲಕ್ಕೂ ಕೊನೆಗೆ ‘ಇ’ ಜೊತೆಯವು. ‘ಇ’ ನಾಲಿಗೆಯನ್ನು ಮುಂದಕ್ಕೆ ಕರೆಯುತ್ತದೆ, ‘ರ’ ಹಿಂದಕ್ಕೆ ಎಳೆಯುತ್ತದೆ. ಅನ್ನ ಎನ್ನುವ ‘ರೀ’ ಅದಕ್ಕೇ ಅಷ್ಟು ಸತಾಯಿಸುವುದು.

ನಿಮ್ಮ ರೂಬೇ ಮಟ್ಟಿಗೆ ಅದೃಷ್ಟ ಚೆನ್ನಾಗಿದೆ. ‘ಊ’ ನಾಲಿಗೆಯನ್ನು ಹಿಂದೆಯೇ ಇಡುವ ಸ್ವರ, ಬಾಗಿಲಿಗೆ ಹತ್ತಿರ. ತೊಡಕು ಇರುವುದು ಪದ ‘ರ’ದಿಂದಲೇ ಶುರುವಾಗುತ್ತದೆ ಎನ್ನುವುದರಲ್ಲಿ. ಅದಕ್ಕೆ ಮೊದಲು ಒಂದು ‘ಆ’ ಸೇರಿಸಿಕೊಳ್ಳಿ. ಫ್ರೆಂಚಿನಲ್ಲಿ ‘ರೂಬೇಗೆ, ರೂಬೇಯಲ್ಲಿ’ ಅನ್ನಲು ‘ಆ ರೂಬೇ’ ಎಂದೇ ಹೇಳಬೇಕು, ವ್ಯಾಕರಣವೇ ಊರುಗೋಲು ಕೊಟ್ಟಿದೆ. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಂದಾಗಿ ‘ಸಾವಿರ ಚಿಮಣಿಗಳ ಊರು’ ಎನಿಸಿಕೊಂಡಿದ್ದ ಜಾಗ ಅದು. ಕಾಟನ್ ಮಿಲ್ಲುಗಳಿಗೆ ಹೆಸರಾಗಿದ್ದ ಊರಿನಿಂದ ಹೋಗುವ ನಿಮಗೆ ಅಲ್ಲಿ ಮಾತಿಗೆ ವಿಷಯ ಕಡಿಮೆಯಾಗದು.

ಅಭ್ಯಾಸ ಒಂದು ಹೊತ್ತಿಗೆ ಐದು ನಿಮಿಷ, ದಿನಕ್ಕೆ ಮೂರು ಹೊತ್ತು. ಹೆಚ್ಚು ಬೇಡ. ಮೊಬೈಲಿನಲ್ಲಿ ದನಿ ಹಿಡಿದಿಟ್ಟು ಮಾರನೇ ದಿನ ಕೇಳಿ, ಅದೇ ದಿನ ಕೇಳಿದರೆ ಕಿವಿ ನಿಮ್ಮ ಪರವಾಗಿ ಸುಳ್ಳು ಹೇಳುತ್ತದೆ. ಗಂಟಲು ಕಚಗುಳಿ ಇಟ್ಟರೆ ಪರವಾಗಿಲ್ಲ, ನೋವು ಬಂದರೆ ಆವತ್ತಿಗೆ ಮುಗಿಯಿತು. ಈಗಂತೂ ಒಂದು ವಾರ ಏನೂ ಮಾಡಬೇಡಿ. ಆಗಾಗ ನೀರು ಕುಡಿಯಿರಿ, ಪಿಸುಮಾತೂ ಬೇಡ, ಕಿರುಚಾಟವೂ ಬೇಡ. ರಾತ್ರಿ ತಡವಾಗಿ ಮಂಡಕ್ಕಿ ಮಿರ್ಚಿ ತಿಂದು ಹಾಗೇ ಮಲಗುವ ರೂಢಿ ಇದ್ದರೆ ಅದನ್ನೂ ಬಿಟ್ಟು ನೋಡಿ. ಹೊಟ್ಟೆಯ ಹುಳಿ ಮೇಲೇರಿದರೂ ಗಂಟಲು ಹೀಗೇ ಉರಿಯುತ್ತದೆ, ಬೈಸಿಕೊಳ್ಳುವುದು ಮಾತ್ರ ಫ್ರೆಂಚ್. ನಿಮಗಾಗಲೇ ಮೂರು ವಾರ ಆಗಿರುವುದರಿಂದ, ಈ ವಾರದ ವಿಶ್ರಾಂತಿಯಲ್ಲೂ ದನಿ ಒಡೆಯುವುದು ನಿಲ್ಲದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ, ಅವರು ದನಿತಂತುಗಳನ್ನು ಕಣ್ಣಾರೆ ನೋಡಿ ಹೇಳುತ್ತಾರೆ. ನುಂಗಲು ಕಷ್ಟವಾದರೆ, ಉಗುಳಿನಲ್ಲಿ ರಕ್ತ ಕಂಡರೆ ಆ ವಾರವನ್ನೂ ಕಾಯಬೇಡಿ.

ಬಜೆಯ ವಿಷಯ ಉಳಿಯಿತು. ಕೂಸುಗಳಿಗೆ ಮಾತು ಸ್ಪಷ್ಟವಾಗಲಿ ಎಂದು ಬಜೆ ತೇಯುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದದ್ದು. ಕೂಸಿಗೆ ಅದನ್ನು ನೆಕ್ಕಿಸಬೇಡಿ ಎಂದೇ ನಾನು ತಾಯಂದಿರಿಗೆ ಹೇಳುವುದು. ನಿಮ್ಮ ‘ರ’ಗೂ ಅದರಿಂದ ಏನೂ ಆಗದು, ಉರಿಯುತ್ತಿರುವ ಗಂಟಲಿಗೆ ಖಾರ ಹಚ್ಚಿದ ಹಾಗೆ ಆದೀತು. ಅಜ್ಜಿಗೆ ಬೇರೆ ಕೆಲಸ ಕೊಡಿ. ಎದುರಿಗೆ ಕೂರಿಸಿಕೊಂಡು ‘ಗಾರಾಝ್’ ಹೇಳಿ, ನಾಲಿಗೆಯ ತುದಿ ಮೇಲೆದ್ದರೆ ತೊಡೆಗೊಂದು ಏಟು ಹಾಕಲಿ. ಅವರ ಕಣ್ಣು ಚೆನ್ನಾಗಿದ್ದರೆ ಟಾರ್ಚೂ ಬೇಡ.